ಸ್ಪ್ಯಾನಿಷ್‌ನ ‘ಸೆ’, ಕನ್ನಡದ ‘ಕೊಳ್ಳು’

ಸ್ಪ್ಯಾನಿಷ್‌ನಲ್ಲಿ ‘ಮಾತಾರ್’ ಎಂದರೆ ಕೊಲ್ಲು. ‘ಸೆ’ ಎಂಬ ಒಂದಕ್ಷರದ ಸರ್ವನಾಮಕ್ಕೆ ಪಠ್ಯಪುಸ್ತಕಗಳು ಮೊದಲ ಪಾಠದಲ್ಲೇ ಕೊಡುವ ಅರ್ಥ ‘ತನ್ನನ್ನು ತಾನು’. ಇವೆರಡನ್ನೂ ಕಲಿತವರು ‘ಸೆ ಮಾತೊ ಎನ್ ಉನ್ ಅಕ್ಸಿದೆಂತೆ’ ಎಂಬ ಸುದ್ದಿವಾಕ್ಯವನ್ನು ಓದಿದರೆ ಯಾರೋ ಆತ್ಮಹತ್ಯೆ ಮಾಡಿಕೊಂಡರೆಂದು ತಿಳಿಯುವುದು ಸಹಜ. ಆದರೆ ಆ ವಾಕ್ಯ ಹೇಳುವುದು ಇಷ್ಟೇ: ಅವನು ಅಪಘಾತದಲ್ಲಿ ಸತ್ತ. ಅಲ್ಲಿ ಕೊಲ್ಲುವ ಉದ್ದೇಶವೂ ಇಲ್ಲ, ಕೊಂದವನೂ ಇಲ್ಲ. ಓದಿದವರ ಅರಿವಿಗಿಂತ ಅವರಿಗೆ ಕಲಿಸಿದ ನಿಯಮವೇ ಇಲ್ಲಿ ಎಡವಿದೆ. ‘ಸೆ’ ಎಂದರೆ ‘ತನ್ನನ್ನು ತಾನು’ ಎಂಬ ವಿವರಣೆ ಇಂಗ್ಲಿಷ್ ವ್ಯಾಕರಣದ ಮೂಲಕ ಸ್ಪ್ಯಾನಿಷ್ ನೋಡುವವರಿಗೆ ಹುಟ್ಟಿದ್ದು. ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಯುವ ಕನ್ನಡಿಗರೂ ಬಹುತೇಕ ಇಂಗ್ಲಿಷ್‌ನಲ್ಲಿ ಬರೆದ ಪುಸ್ತಕಗಳಿಂದಲೇ ಕಲಿಯುತ್ತಾರೆ. ಹಾಗಾಗಿ ಇಂಗ್ಲಿಷ್‌ಗೆ ಮಾತ್ರ ಇರುವ ತೊಡಕುಗಳನ್ನೂ ತಮ್ಮ ತಲೆಗೆ ಕಟ್ಟಿಕೊಳ್ಳುತ್ತಾರೆ. ಸ್ಪ್ಯಾನಿಷ್‌ನ ಆತ್ಮಾರ್ಥಕ ಕ್ರಿಯಾಪದಗಳನ್ನು ಅರಿಯಲು ಇಂಗ್ಲಿಷ್‌ಗಿಂತ ಕನ್ನಡವೇ ಹತ್ತಿರದ ದಾರಿ ಎಂಬುದು ನನ್ನ ವಾದ. ನಾವು ದಿನಕ್ಕೆ ನೂರು ಸಲ ಬಳಸಿಯೂ ಗಮನಿಸದ ‘ಕೊಳ್ಳು’, ‘ಹೋಗು’, ‘ಬಿಡು’ಗಳಲ್ಲಿ ಮತ್ತು ‘ಇಸು’ ಪ್ರತ್ಯಯದಲ್ಲಿ ಆ ದಾರಿ ಇದೆ.

ಮೊದಲು ಸರ್ವನಾಮಗಳ ಲೆಕ್ಕ ಸ್ಪಷ್ಟವಾಗಲಿ. ಉತ್ತಮ, ಮಧ್ಯಮ ಪುರುಷಗಳಲ್ಲಿ ಸ್ಪ್ಯಾನಿಷ್ ಒಂದೇ ರೂಪದಿಂದ ಎಲ್ಲ ಕೆಲಸ ಮಾಡಿಸುತ್ತದೆ. ‘ಮೆ ವೆ’ ಎಂದರೆ ನನ್ನನ್ನು ನೋಡುತ್ತಾನೆ, ‘ಮೆ ದಾ’ ಎಂದರೆ ನನಗೆ ಕೊಡುತ್ತಾನೆ, ‘ಮೆ ಲಾವೊ’ ಎಂದರೆ ಮೈ ತೊಳೆದುಕೊಳ್ಳುತ್ತೇನೆ. ಮೂರರಲ್ಲೂ ಅದೇ ‘ಮೆ’. ವ್ಯತ್ಯಾಸ ಕಣ್ಣಿಗೆ ಬೀಳುವುದು ಪ್ರಥಮ ಪುರುಷದಲ್ಲಿ ಮಾತ್ರ: ‘ಲೊ’ ಎಂದರೆ ಅವನನ್ನು, ‘ಲಾ’ ಎಂದರೆ ಅವಳನ್ನು, ‘ಲೆ’ ಎಂದರೆ ಅವನಿಗೆ ಅಥವಾ ಅವಳಿಗೆ, ಇವುಗಳ ಪಕ್ಕದಲ್ಲಿ ‘ಸೆ’. ಇಂಗ್ಲಿಷ್‌ನಲ್ಲಿ ಅವನನ್ನು, ಅವನಿಗೆ ಎರಡಕ್ಕೂ ಒಂದೇ ಪದವಾದ್ದರಿಂದ ಆ ದಾರಿಯಲ್ಲಿ ಬಂದವರು ‘ಲೊ’, ‘ಲೆ’ಗಳ ನಡುವೆ ತಿಂಗಳುಗಟ್ಟಲೆ ತಡವರಿಸುತ್ತಾರೆ. ದ್ವಿತೀಯಾ, ಚತುರ್ಥಿಗಳನ್ನು ಹಾಲಿನ ಜೊತೆ ಕುಡಿದು ಬೆಳೆದ ಕನ್ನಡಿಗರಿಗೆ ಇದು ಒಂದು ಸಂಜೆಯ ಪಾಠ. ಸ್ಪೇನಿನ ಮಧ್ಯಭಾಗದವರು ‘ಅವನನ್ನು’ ಎನ್ನಬೇಕಾದ ಕಡೆಯೂ ‘ಲೆ’ ಬಳಸುತ್ತಾರೆ. ಗಂಡಸೊಬ್ಬನ ವಿಷಯದಲ್ಲಿ ಅದನ್ನು ಸ್ಪ್ಯಾನಿಷ್ ರಾಯಲ್ ಅಕಾಡೆಮಿಯೂ ಒಪ್ಪಿದೆ. ಆದರೆ ಅದು ನಿಯಮ ಗೊತ್ತಾದ ಮೇಲಿನ ಮಾತು. ‘ಅ’ ಎಂಬ ಉಪಸರ್ಗದ ವಿಷಯದಲ್ಲೂ ಕನ್ನಡ ಜೊತೆಗೆ ನಿಲ್ಲುತ್ತದೆ. ಮನೆಯನ್ನು ನೋಡಿದರೆ ಸ್ಪ್ಯಾನಿಷ್‌ಗೆ ಯಾವ ಗುರುತೂ ಬೇಡ. ಮರಿಯಾಳನ್ನು ನೋಡಿದರೆ ಅವಳ ಹೆಸರಿನ ಹಿಂದೆ ‘ಅ’ ಬೇಕೇ ಬೇಕು. ನಾವೂ ‘ಪುಸ್ತಕ ಓದಿದೆ’ ಎನ್ನುತ್ತೇವೆ, ಆದರೆ ‘ಮಗು ಕರೆದೆ’ ಎನ್ನುವುದಿಲ್ಲ, ‘ಮಗುವನ್ನು ಕರೆದೆ’ ಎಂದೇ ಅನ್ನುತ್ತೇವೆ.

‘ಲೊ’, ‘ಲೆ’ಗಳು ಕ್ರಿಯೆ ಕರ್ತೃವನ್ನು ಬಿಟ್ಟು ಹೊರಗಿನ ಯಾರನ್ನೋ ಮುಟ್ಟಿತು ಎಂದು ತೋರಿಸುತ್ತವೆ. ‘ಸೆ’ ಹಾಗಲ್ಲ. ಅದು ಬಂದ ಕಡೆ ಕ್ರಿಯೆ ಹೊರಗೆ ಹೋಗುವುದಿಲ್ಲ. ಹೊರಟಲ್ಲಿಗೇ ಮರಳುತ್ತದೆ, ಅಲ್ಲೇ ಮುಗಿಯುತ್ತದೆ, ಇಲ್ಲವೇ ಅದರ ಫಲ ಅಲ್ಲೇ ಉಳಿಯುತ್ತದೆ. ‘ತನ್ನನ್ನು ತಾನು’ ಎಂಬುದು ಈ ಸಾಧ್ಯತೆಗಳಲ್ಲಿ ಒಂದು ಮಾತ್ರ. ‘ಮೆ ಲಾವೊ ಲಾಸ್ ಮಾನೊಸ್’ ಎಂಬುದನ್ನೇ ನೋಡಿ. ಇದರಲ್ಲಿ ‘ನನ್ನ’ ಎಂಬ ಪದವೇ ಇಲ್ಲ. ಇರುವುದು ‘ಕೈಗಳು’, ‘ತೊಳೆಯುತ್ತೇನೆ’, ಜೊತೆಗೆ ‘ಮೆ’. ಇಂಗ್ಲಿಷ್‌ನವರು ‘ನನ್ನ ಕೈ’ ಎಂದು ಹೇಳದೆ ಬಿಡಲಾರರು; ಆ ಅಭ್ಯಾಸದಿಂದ ‘ಲಾವೊ ಮಿಸ್ ಮಾನೊಸ್’ ಎಂದು ಬರೆದು ಕೆಂಪು ಗೆರೆ ಹಾಕಿಸಿಕೊಳ್ಳುತ್ತಾರೆ. ಕನ್ನಡಿಗರು ‘ಕೈ ತೊಳೆದುಕೊಳ್ಳುತ್ತೇನೆ’ ಎನ್ನುತ್ತಾರೆ. ಯಾರ ಕೈ ಎಂದು ಯಾರೂ ಕೇಳುವುದಿಲ್ಲ, ‘ಕೊಳ್ಳು’ ಆಗಲೇ ಅದನ್ನು ಹೇಳಿದೆ. ‘ಸೆ ರೊಂಪಿಯೊ ಲಾ ಪಿಯೆರ್ನಾ’ ಎಂದರೆ ಕಾಲು ಮುರಿದುಕೊಂಡ. ಬೇಕೆಂದೇ ಕಾಲು ಮುರಿದುಕೊಂಡನೇ ಎಂದು ಕನ್ನಡದಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ, ಸ್ಪ್ಯಾನಿಷ್‌ನಲ್ಲೂ ಬರುವುದಿಲ್ಲ. ಈ ‘ಮುರಿದುಕೊಂಡ’ನ ಪಕ್ಕದಲ್ಲಿ ಇಟ್ಟರೆ ಅಪಘಾತದ ಆ ‘ಸೆ ಮಾತೊ’ ಕೂಡ ತಾನಾಗಿ ಬಿಡಿಸಿಕೊಳ್ಳುತ್ತದೆ. ‘ಲಾ ಪ್ವೆರ್ತಾ ಸೆ ಅಬ್ರಿಯೊ’ ಎಂದರೆ ಬಾಗಿಲು ತೆರೆದುಕೊಂಡಿತು. ಬಾಗಿಲಿಗೆ ‘ತಾನು’ ಎಂಬುದಿಲ್ಲ, ‘ತನ್ನನ್ನು ತಾನು ತೆರೆದ ಬಾಗಿಲು’ ಎಂದರೆ ಅದು ಮಕ್ಕಳ ಕತೆಯಾಗುತ್ತದೆ. ಇಬ್ಬರು ‘ಸೆ ಅಬ್ರಾಸಾರೊನ್’ ಎಂದರೆ ತಬ್ಬಿಕೊಂಡರು; ಇಲ್ಲಿ ಎರಡೂ ಭಾಷೆಗಳು ‘ಪರಸ್ಪರ’ ಎಂಬ ಪದವಿಲ್ಲದೆಯೇ ಪರಸ್ಪರತೆಯನ್ನು ಹೇಳುತ್ತವೆ. ‘ಸೆ ಕೊಂಪ್ರೊ ಉನಾ ಕಾಸಾ’ ಎಂದರೆ ಮನೆ ಕೊಂಡುಕೊಂಡ. ಇದರಲ್ಲಿ ಅವನು ಕೊಂಡದ್ದು ಮನೆಯನ್ನು, ತನ್ನನ್ನಲ್ಲ. ‘ಸೆ’ ಹೇಳುತ್ತಿರುವುದು ಫಲ ಯಾರಿಗೆ ಎಂಬುದನ್ನು.

ಫಲ ಯಾರಿಗೆ ಎಂಬ ಈ ಪ್ರಶ್ನೆ ನಮ್ಮ ವ್ಯಾಕರಣ ಪರಂಪರೆಗೆ ಹೊಸದಲ್ಲ. ಸಂಸ್ಕೃತದ ಆತ್ಮನೇಪದ, ಪರಸ್ಮೈಪದಗಳು ಆ ಹೆಸರು ಪಡೆದದ್ದೇ ಹೀಗೆ. ಕ್ರಿಯಾಫಲ ಕರ್ತೃವಿಗೇ ಸೇರುವಾಗ ಆತ್ಮನೇಪದ ಎಂದು ಪಾಣಿನಿ ಸೂತ್ರಿಸಿದ. ತನಗಾಗಿ ಯಾಗ ಮಾಡುವ ಯಜಮಾನನಿಗೆ ‘ಯಜತೇ’, ಬೇರೆಯವರಿಗಾಗಿ ಯಾಗ ಮಾಡಿಸುವ ಋತ್ವಿಜನಿಗೆ ‘ಯಜತಿ’. ‘ಅಡುಗೆ ಮಾಡಿದ’, ‘ಅಡುಗೆ ಮಾಡಿಕೊಂಡ’ ಎಂಬ ನಮ್ಮ ಜೋಡಿಯಲ್ಲೂ ಇರುವುದು ಇದೇ ಭೇದ. ಸಂಸ್ಕೃತಕ್ಕೂ ಕನ್ನಡಕ್ಕೂ ಬೇರು ಬೇರೆ, ಲ್ಯಾಟಿನ್‌ನಿಂದ ಬಂದ ಸ್ಪ್ಯಾನಿಷ್‌ಗೆ ಇನ್ನೊಂದು ಚರಿತ್ರೆ. ಆದರೂ ಮೂರೂ ಭಾಷೆಗಳು ಈ ಭೇದಕ್ಕೆ ತಮ್ಮ ತಮ್ಮ ಸಾಮಗ್ರಿಯಿಂದ ರೂಪ ಕೊಟ್ಟಿವೆ ಎಂಬುದು ನನಗೆ ವ್ಯಾಕರಣದ ಅತ್ಯಂತ ಸುಂದರ ಸಂಗತಿಗಳಲ್ಲಿ ಒಂದಾಗಿ ಕಾಣುತ್ತದೆ. ಕೆಲವೊಮ್ಮೆ ಹೊಂದಿಕೆ ಎಷ್ಟು ನಿಖರವೆಂದರೆ ‘ದೆಸ್ಪೆದೀರ್’ ಎಂದರೆ ಬೀಳ್ಕೊಡು, ‘ದೆಸ್ಪೆದೀರ್‌ಸೆ’ ಎಂದರೆ ಬೀಳ್ಕೊಳ್ಳು. ‘ಅದಾಪ್ತಾರ್’ ಎಂದರೆ ಹೊಂದಿಸು, ‘ಅದಾಪ್ತಾರ್‌ಸೆ’ ಎಂದರೆ ಹೊಂದಿಕೊಳ್ಳು. ಇವನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ.

ಇಲ್ಲಿ ಯಾರಾದರೂ ಆಕ್ಷೇಪ ಎತ್ತಬಹುದು, ಎತ್ತಲೇಬೇಕು. ‘ಲೆವಾಂತಾರ್‌ಸೆ’ ಎಂದರೆ ಏಳು. ಕನ್ನಡದಲ್ಲಿ ‘ಎದ್ದುಕೊಂಡೆ’ ಎನ್ನುವವರಿಲ್ಲ. ‘ಅಸುಸ್ತಾರ್‌ಸೆ’ ಎಂದರೆ ಹೆದರು; ‘ಹೆದರಿಕೊಂಡೆ’ ಎಂದು ಕೆಲವರು ಅಂದರೂ ‘ಹೆದರಿದೆ’ ಎಂದರೆ ಸಾಕು. ‘ಕೊಳ್ಳು’ ಸೂತ್ರ ಇಲ್ಲಿ ಮುರಿಯಿತಲ್ಲವೇ? ‘ಕೊಳ್ಳು’ವನ್ನು ಒಂಟಿಯಾಗಿ ಹಿಡಿದರೆ ಮುರಿಯಿತು, ನಿಜ. ಅದರೆದುರು ‘ಇಸು’ವನ್ನು ಇಟ್ಟು ನೋಡಬೇಕು. ಕನ್ನಡ ಇಂಥ ಕ್ರಿಯೆಗಳಲ್ಲಿ ಅಕರ್ಮಕದಿಂದ ಆರಂಭಿಸುತ್ತದೆ: ಹೆದರು, ಮಲಗು, ಸೇರು, ಕರಗು. ಹೊರಗಿನ ಕೈಯೊಂದು ಬಂದಾಗ ‘ಇಸು’ ಅಂಟಿಸುತ್ತದೆ: ಹೆದರಿಸು, ಮಲಗಿಸು, ಸೇರಿಸು, ಕರಗಿಸು. ಸ್ಪ್ಯಾನಿಷ್ ಇದೇ ದಾರಿಯನ್ನು ಆ ತುದಿಯಿಂದ ನಡೆಯುತ್ತದೆ. ಅದಕ್ಕೆ ಮೂಲರೂಪವೇ ಹೊರಗಿನ ಕೈ ಇರುವ ರೂಪ: ‘ಅಸುಸ್ತಾರ್’ ಎಂದರೆ ಹೆದರಿಸು, ‘ಅಕೊಸ್ತಾರ್’ ಎಂದರೆ ಮಲಗಿಸು, ‘ಲೆವಾಂತಾರ್’ ಎಂದರೆ ಎಬ್ಬಿಸು ಅಥವಾ ಎತ್ತು. ಆ ಕೈಯನ್ನು ತೆಗೆಯಬೇಕಾದಾಗ ಅದು ‘ಸೆ’ ಸೇರಿಸುತ್ತದೆ. ನಾವು ಪ್ರತ್ಯಯ ಕೂಡಿಸಿ ಪ್ರೇರಕನನ್ನು ಒಳಗೆ ತರುತ್ತೇವೆ, ಅವರು ಸರ್ವನಾಮ ಕೂಡಿಸಿ ಅವನನ್ನು ಹೊರಗೆ ಕಳಿಸುತ್ತಾರೆ. ಇದು ಸ್ಪ್ಯಾನಿಷ್ ಒಂದರ ವಿಚಿತ್ರವಲ್ಲ. ಮಾರ್ಟಿನ್ ಹಾಸ್ಪೆಲ್‌ಮಾತ್ 1993ರಲ್ಲಿ 21 ಭಾಷೆಗಳ 31 ಕ್ರಿಯಾಜೋಡಿಗಳನ್ನು ಹೋಲಿಸಿ, ಸಕರ್ಮಕವನ್ನು ಮೂಲವಾಗಿಟ್ಟು ಅಕರ್ಮಕವನ್ನು ಸಾಧಿಸುವ ಪದ್ಧತಿ ಯುರೋಪಿನ ಭಾಷೆಗಳಲ್ಲಿ ವಿಶೇಷವಾಗಿ ಹೆಚ್ಚು ಎಂದು ತೋರಿಸಿದರು. ಹಾಗಾದರೆ ಕನ್ನಡಿಗರಿಗೆ ನಿಯಮ ಸರಳ: ಕನ್ನಡದಲ್ಲಿ ‘ಇಸು’ ಇದ್ದರೆ ಸ್ಪ್ಯಾನಿಷ್‌ನಲ್ಲಿ ಬರಿಯ ಕ್ರಿಯಾಪದ, ‘ಇಸು’ ಕಳಚಿದರೆ ‘ಸೆ’. ‘ಲೆವಾಂತೊ ಅ ಲಾಸ್ ಸೆಯಿಸ್’ ಎಂದು ‘ಮೆ’ ಬಿಟ್ಟು ಹೇಳಿದರೆ ಕೇಳುವವರಿಗೆ ‘ಆರು ಗಂಟೆಗೆ ಎಬ್ಬಿಸುತ್ತೇನೆ’ ಎಂದು ಕೇಳಿಸುತ್ತದೆ. ಯಾರನ್ನು ಎಂದು ಅವರು ಕಾಯುತ್ತಾರೆ. ಈ ತಪ್ಪಿನ ಸ್ವರೂಪವನ್ನು ‘ಏಳು–ಎಬ್ಬಿಸು’ ಜೋಡಿ ಒಂದೇ ಏಟಿಗೆ ತಿಳಿಸುತ್ತದೆ. ಎಲ್ಲ ಕ್ರಿಯಾಪದಗಳೂ ಇದಕ್ಕೆ ಒಗ್ಗುವುದಿಲ್ಲ: ನಗು, ಅಳು, ಓಡು ಎಂಬರ್ಥದ ಕ್ರಿಯಾಪದಗಳು ಸ್ಪ್ಯಾನಿಷ್‌ನಲ್ಲೂ ಮೂಲತಃ ಅಕರ್ಮಕವೇ. ಆದರೆ ಭಾವಕ್ಕೂ ದೇಹದ ಭಂಗಿಗೂ ಸಂಬಂಧಿಸಿದ ದೊಡ್ಡ ಗುಂಪು ಈ ನಿಯಮಕ್ಕೆ ಸಿಗುತ್ತದೆ, ಕಲಿಯುವವರು ಹೆಚ್ಚು ತಪ್ಪುವುದೂ ಅಲ್ಲೇ.

ಇನ್ನೊಂದು ಆಕ್ಷೇಪ ವ್ಯಾಕರಣಜ್ಞರದು. ‘ಸೆ’ ಒಂದು ಸರ್ವನಾಮ, ‘ಕೊಳ್ಳು’ ಒಂದು ಸಹಾಯಕ ಕ್ರಿಯಾಪದ. ಬೇರೆ ಬೇರೆ ಜಾತಿಯ ಎರಡನ್ನು ಹೇಗೆ ಸಮೀಕರಿಸುತ್ತೀರಿ? ಹುಟ್ಟಿನಲ್ಲಿ ಅವು ಬೇರೆಯೇ. ‘ಸೆ’ ಲ್ಯಾಟಿನ್‌ನ ಸರ್ವನಾಮದಿಂದ ಬಂತು, ‘ಕೊಳ್ಳು’ ಎಂದರೆ ತೆಗೆದುಕೊಳ್ಳುವುದು. ಆದರೆ ಇಂದಿನ ಸ್ಪ್ಯಾನಿಷ್‌ನಲ್ಲಿ ‘ಸೆ’ ಎಷ್ಟರಮಟ್ಟಿಗೆ ಸರ್ವನಾಮವಾಗಿ ಉಳಿದಿದೆ? ‘ಲೊ’ ಇದ್ದ ಕಡೆ ಒಬ್ಬ ವ್ಯಕ್ತಿಯನ್ನೋ ವಸ್ತುವನ್ನೋ ಬೆರಳಿಟ್ಟು ತೋರಿಸಬಹುದು. ‘ಅರ್ರೆಪೆಂತೀರ್‌ಸೆ’ ಎಂದರೆ ಪಶ್ಚಾತ್ತಾಪಪಡು, ‘ಕೆಹಾರ್‌ಸೆ’ ಎಂದರೆ ದೂರು ಹೇಳು. ಇವುಗಳಲ್ಲಿ ‘ಸೆ’ ಯಾರನ್ನು ತೋರಿಸುತ್ತದೆ? ಅದನ್ನು ತೆಗೆದು ಬೇರೆ ಕರ್ಮವನ್ನು ಇಡೋಣವೆಂದರೆ ಈ ಕ್ರಿಯಾಪದಗಳು ಅದಿಲ್ಲದೆ ಬಳಕೆಯಲ್ಲೇ ಇಲ್ಲ. ಕಾರಕಾಸ್‌ನಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಆಂದ್ರೆಸ್ ಬೆಯೊ, ಅಮೆರಿಕ ಖಂಡದ ಸ್ಪ್ಯಾನಿಷ್ ಭಾಷಿಕರಿಗಾಗಿ 1847ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಇಂಥವನ್ನು ‘ಅರೆ ಆತ್ಮಾರ್ಥಕ’ ಎಂಬರ್ಥದ ಹೆಸರಿನಿಂದ ಬೇರೆ ಮಾಡಿದ್ದ. ಆತ್ಮಾರ್ಥ ಇಲ್ಲಿ ವ್ಯಾಕರಣದ ರೂಪದಲ್ಲಷ್ಟೇ ಉಳಿದಿದೆ, ಮನಸ್ಸಿಗೆ ಅದು ಹೊಳೆಯುವುದು ತೀರಾ ಮಸುಕಾಗಿ ಎಂಬುದು ಅವನ ಅಭಿಪ್ರಾಯ. ಕನ್ನಡದ ಕಡೆಯಿಂದಲೂ ಸಾಕ್ಷ್ಯವಿದೆ. ‘ಕೊಳ್ಳು’ ಕುರಿತು 2001ರಲ್ಲಿ ಲೇಖನ ಪ್ರಕಟಿಸಿದ ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್, ಅದು ‘ತಾನು’ ಎಂಬರ್ಥದ ಗುರುತೇ ಅಲ್ಲ, ಕ್ರಿಯೆಯ ಪಾತ್ರಧಾರಿಗಳಲ್ಲಿ ಒಬ್ಬರು ವಾಕ್ಯದಲ್ಲಿ ಮಾಮೂಲಿನಂತೆ ಕಾಣಿಸಿಕೊಂಡಿಲ್ಲ ಎಂಬುದರ ಗುರುತು ಎಂದು ವಾದಿಸಿದರು. ಬಾಗಿಲು ತೆರೆದುಕೊಂಡಾಗಲೂ ಒಬ್ಬ ತನ್ನನ್ನು ಹೊಗಳಿಕೊಂಡಾಗಲೂ ಒಂದೇ ‘ಕೊಳ್ಳು’ ಬರುವುದು ಹೀಗಾಗಿ. ಒಂದು ಭಾಷೆಯ ಸರ್ವನಾಮ ತನ್ನ ಸರ್ವನಾಮತ್ವ ಕಳೆದುಕೊಂಡು, ಇನ್ನೊಂದರ ಕ್ರಿಯಾಪದ ತನ್ನ ಕ್ರಿಯಾರ್ಥ ಕಳೆದುಕೊಂಡು ಒಂದೇ ಜಾಗಕ್ಕೆ ಬಂದು ನಿಂತಿವೆ.

‘ಓಲ್ವಿದಾರ್’, ಅಂದರೆ ಮರೆ ಎಂಬ ಕ್ರಿಯಾಪದವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆತ್ಮಾರ್ಥಕವೂ ಕರ್ಮ ಸರ್ವನಾಮವೂ ಒಟ್ಟಿಗೆ ಸೇರುವ ಜಾಗ ಇದು. ಒಬ್ಬರ ಹೆಸರು ಮರೆತದ್ದನ್ನು ಸ್ಪ್ಯಾನಿಷ್ ಮೂರು ಬಗೆಯಲ್ಲಿ ಹೇಳುತ್ತದೆ. ‘ಓಲ್ವಿದೇ ಸು ನೊಂಬ್ರೆ’, ‘ಮೆ ಓಲ್ವಿದೇ ದೆ ಸು ನೊಂಬ್ರೆ’, ‘ಸೆ ಮೆ ಓಲ್ವಿದೋ ಸು ನೊಂಬ್ರೆ’. ಇಂಗ್ಲಿಷ್ ಮೂರಕ್ಕೂ ಒಂದೇ ವಾಕ್ಯ ಕೊಟ್ಟು ಸುಮ್ಮನಾಗುತ್ತದೆ. ಕನ್ನಡದಲ್ಲಿ ಹೇಳಿ ನೋಡಿ: ‘ಅವರ ಹೆಸರು ಮರೆತೆ’, ‘ಅವರ ಹೆಸರು ಮರೆತುಬಿಟ್ಟೆ’, ‘ಅವರ ಹೆಸರು ನನಗೆ ಮರೆತುಹೋಯಿತು’. ಮೂರನೆಯದರಲ್ಲಿ ಹೊಂದಿಕೆ ತುಂಡು ತುಂಡಾಗಿ ಕೂಡುತ್ತದೆ. ಮರೆತದ್ದು ಹೆಸರು, ಅದೇ ಕರ್ತೃ. ಸ್ಪ್ಯಾನಿಷ್‌ನಲ್ಲೂ ಕ್ರಿಯಾಪದ ಹೆಸರಿಗೇ ಹೊಂದುತ್ತದೆ, ಹೆಸರುಗಳು ಹಲವಾದರೆ ‘ಓಲ್ವಿದಾರೊನ್’ ಎಂದು ಬಹುವಚನವಾಗುತ್ತದೆ. ‘ಮೆ’ ಎಂದರೆ ‘ನನಗೆ’. ‘ಸೆ’ ಎಂದರೆ ‘ಹೋಯಿತು’. ಆತ್ಮಾರ್ಥಕ ಎಂದರೆ ‘ತನ್ನನ್ನು ತಾನು’ ಎಂದು ಕಲಿತವರು ಈ ವಾಕ್ಯದ ಮುಂದೆ ದಿಕ್ಕು ತಪ್ಪುತ್ತಾರೆ. ‘ಮೆ’ ಇರುವುದರಿಂದ ಅದೇ ಆತ್ಮಾರ್ಥಕ ಎಂದುಕೊಳ್ಳುತ್ತಾರೆ, ಹಾಗಾದರೆ ‘ಸೆ’ ಯಾಕೆ ಬಂತೆಂದು ತಿಳಿಯುವುದಿಲ್ಲ. ‘ನನಗೆ’ ಎಂದಾಗ ಗೊಂದಲವಿಲ್ಲ: ಅದು ಚತುರ್ಥಿ, ಕರ್ಮ ಸರ್ವನಾಮ, ಅನುಭವಿಸಿದವನ ಗುರುತು. ‘ಸೆ ಮೆ ಕಾಯೋ ಎಲ್ ವಾಸೊ’, ಲೋಟ ನನ್ನ ಕೈಯಿಂದ ಬಿದ್ದುಹೋಯಿತು ಎಂಬುದೂ ಇದೇ ಅಚ್ಚಿನದು. ಹಾಗೆಯೇ ‘ಸೆ ಕೊಮಿಯೊ ಲಾ ಮಾನ್ಸಾನಾ’ ಎಂದರೆ ಸೇಬನ್ನು ಪೂರಾ ತಿಂದುಬಿಟ್ಟ, ‘ಸೆ ಫ್ವೆ’ ಎಂದರೆ ಹೊರಟುಹೋದ. ಸ್ಪ್ಯಾನಿಷ್ ಒಂದು ‘ಸೆ’ಯ ಮೇಲೆ ಹೊರಿಸಿದ ಹೊರೆಯನ್ನು ಕನ್ನಡ ಕೊಳ್ಳು, ಬಿಡು, ಹೋಗುಗಳ ನಡುವೆ ಹಂಚಿದೆ.

ಇಂಥ ವಾಕ್ಯಗಳನ್ನು ಹಿಡಿದು, ಸ್ಪ್ಯಾನಿಷ್ ಮಾತಾಡುವವರು ಹೊಣೆಯಿಂದ ನುಣುಚಿಕೊಳ್ಳುತ್ತಾರೆ, ಲೋಟ ತಾನೇ ಬಿತ್ತು ಎನ್ನುತ್ತಾರೆ ಎಂದು ತೀರ್ಪು ಕೊಡುವವರಿದ್ದಾರೆ. ಕೇಟ್ಲಿನ್ ಫಾಸಿ ಮತ್ತು ಲೆರಾ ಬೊರೊಡಿಟ್ಸ್ಕಿ 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇದಕ್ಕೆ ಆಧಾರವೆಂಬಂತೆ ಎಳೆದು ತರುವುದೂ ಉಂಟು. ಅದರಲ್ಲಿ ಕಂಡದ್ದು ಬೇರೆ. ಬೇಕೆಂದು ಮಾಡಿದ ಕೃತ್ಯಗಳ ವಿಡಿಯೊ ನೋಡಿದಾಗ ಇಂಗ್ಲಿಷ್, ಸ್ಪ್ಯಾನಿಷ್ ಭಾಷಿಕರಿಬ್ಬರೂ ಮಾಡಿದವರನ್ನು ಒಂದೇ ಮಟ್ಟಿಗೆ ನೆನಪಿಟ್ಟುಕೊಂಡರು. ಆಕಸ್ಮಿಕವಾಗಿ ಆದವುಗಳಲ್ಲಿ ಮಾತ್ರ ಇಂಗ್ಲಿಷ್ ಭಾಷಿಕರ ನೆನಪು ಮುಂದಿತ್ತು. ಅಂದರೆ ಸ್ಪ್ಯಾನಿಷ್ ಭಾಷಿಕರು ಬೇಕೆಂದು ಮಾಡಿದ್ದಕ್ಕೂ ಆಗಿಹೋದದ್ದಕ್ಕೂ ನಡುವಿನ ಗೆರೆಗೆ ಹೆಚ್ಚು ಬೆಲೆ ಕೊಡುತ್ತಾರೆ. ಇದನ್ನು ನುಣುಚಿಕೊಳ್ಳುವುದೆಂದು ಕರೆಯುವುದು ಅನ್ಯಾಯ. ‘ಒಡೆದೆ’, ‘ಒಡೆದುಹೋಯಿತು’ ಎಂಬ ಎರಡು ರೂಪಗಳಿರುವ ಭಾಷೆಯಲ್ಲಿ ‘ಒಡೆದೆ’ ಎಂದು ಒಪ್ಪಿಕೊಳ್ಳುವ ಮಾತಿಗೆ ತೂಕ ಹೆಚ್ಚೇ ಇರುತ್ತದೆ, ಯಾಕೆಂದರೆ ಇನ್ನೊಂದು ರೂಪ ಕೈಗೆ ಸಿಗುವಂತಿದ್ದೂ ಹೇಳುವವರು ಅದನ್ನು ಬಿಟ್ಟಿದ್ದಾರೆ.

ಹೊಸದಾಗಿ ಕಲಿಯುವವರಿಗೆ ಇಷ್ಟೆಲ್ಲ ಯಾಕೆ, ಮೊದಲು ‘ತನ್ನನ್ನು ತಾನು’ ಎಂಬ ಸರಳ ನಿಯಮ ಕೊಟ್ಟು ಆಮೇಲೆ ತಿದ್ದಿದರೆ ಸಾಲದೇ ಎನ್ನುವ ಶಿಕ್ಷಕರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಮೊದಲ ವಾರದಲ್ಲೇ ಕಲಿಸುವ ‘ಮೆ ಯಾಮೊ’ ಎಂಬುದಕ್ಕೂ ಆ ನಿಯಮ ಸರಿಹೊಂದುವುದಿಲ್ಲ. ‘ನನ್ನನ್ನು ನಾನು ಕರೆಯುತ್ತೇನೆ’ ಎಂದು ಯಾರೂ ಹೆಸರು ಹೇಳುವುದಿಲ್ಲ. ಕ್ಷೌರದಂಗಡಿಯಿಂದ ಬಂದವನು ‘ಮೆ ಕೊರ್ತೇ ಎಲ್ ಪೆಲೊ’ ಎನ್ನುತ್ತಾನೆ, ಕತ್ತರಿ ಹಿಡಿದವನು ಬೇರೆಯವನಾದರೂ. ಕನ್ನಡ ಇಲ್ಲಿ ಸ್ಪ್ಯಾನಿಷ್‌ಗಿಂತ ಒಂದು ಹೆಜ್ಜೆ ಹೆಚ್ಚು ಸ್ಪಷ್ಟವಾಗಿ ‘ಕೂದಲು ಕತ್ತರಿಸಿಕೊಂಡೆ’ ಎನ್ನುವುದನ್ನೂ ‘ಕಟಿಂಗ್ ಮಾಡಿಸಿಕೊಂಡೆ’ ಎನ್ನುವುದನ್ನೂ ಬೇರೆ ಇಡುತ್ತದೆ. ಎರಡರಲ್ಲೂ ‘ಕೊಂಡೆ’ ಮಾತ್ರ ಉಳಿಯುತ್ತದೆ. ತಪ್ಪು ನಿಯಮವನ್ನು ಮೊದಲು ಊರಿಸಿ ಆಮೇಲೆ ಕೀಳುವ ಶ್ರಮಕ್ಕಿಂತ, ಕಲಿಯುವವರ ನಾಲಿಗೆಯಲ್ಲೇ ಇರುವ ಸರಿಯಾದ ನಿಯಮವನ್ನು ಅವರಿಗೆ ತೋರಿಸುವುದು ಸುಲಭ. ಕನ್ನಡಕ್ಕೆ ಕೈಲಾಗದ ಕಡೆಗಳನ್ನೂ ಆಗ ಪ್ರಾಮಾಣಿಕವಾಗಿ ಹೇಳಬಹುದು. ಅಂಗಡಿಯ ಬಾಗಿಲಲ್ಲಿ ತೂಗುವ ‘ಸೆ ಆವ್ಲಾ ಎಸ್ಪಾನ್ಯೋಲ್’, ಅಂದರೆ ಇಲ್ಲಿ ಸ್ಪ್ಯಾನಿಷ್ ಮಾತಾಡುತ್ತಾರೆ ಎಂಬ ಫಲಕಕ್ಕೆ ‘ಕೊಳ್ಳು’ ಪ್ರಯೋಜನವಿಲ್ಲ. ಅಲ್ಲಿ ನಮಗೆ ‘ಮಾತಾಡುತ್ತಾರೆ’ ಎಂಬ ಯಾರೆಂದು ಹೇಳದ ಬಹುವಚನವೋ, ‘ಮಾತನಾಡಲಾಗುತ್ತದೆ’ ಎಂಬ ಕರ್ಮಣಿಯೋ ಬೇಕು. ‘ಹಾಡಿಕೊಂಡು ಬಂದ’ ಎಂಬಲ್ಲಿನ ‘ಕೊಂಡು’ಗೂ ‘ಸೆ’ಗೂ ಸಂಬಂಧವಿಲ್ಲ.

ಕನ್ನಡ ಪೂರ್ತಿ ಕೈಬಿಡುವ ಜಾಗವೊಂದಿದೆ, ಅಲ್ಲಿ ಚರಿತ್ರೆಯನ್ನೇ ಕೇಳಬೇಕು. ‘ಅವನಿಗೆ ಅದನ್ನು ಕೊಟ್ಟೆ’ ಎನ್ನಲು ‘ಲೆ’, ‘ಲೊ’ ಎರಡೂ ಸೇರಬೇಕು. ಆದರೆ ‘ಲೆ ಲೊ ದಿ’ ಎನ್ನುವಂತಿಲ್ಲ, ‘ಸೆ ಲೊ ದಿ’ ಎನ್ನಬೇಕು. ಈ ‘ಸೆ’ ಆತ್ಮಾರ್ಥಕವಲ್ಲ, ವೇಷ ಬದಲಿಸಿದ ‘ಲೆ’. ಲ್ಯಾಟಿನ್‌ನ ‘ಇಲ್ಲಿ’, ‘ಇಲ್ಲುಂ’ ಎಂಬೆರಡು ಸರ್ವನಾಮಗಳು ಒತ್ತಿ ಹಳೆಯ ಕಾಸ್ತಿಲಿಯನ್‌ನಲ್ಲಿ ‘ಜೆಲೊ’ ಎಂದಾಗಿದ್ದವು. ಅದರ ಮೊದಲ ಅಕ್ಷರದ ಉಚ್ಚಾರ ಕ್ರಮೇಣ ‘ಸೆ’ಗೆ ಹತ್ತಿರವಾಗಿ, ಹದಿನಾರನೆಯ ಶತಮಾನದ ಹೊತ್ತಿಗೆ ಅದು ಆತ್ಮಾರ್ಥಕ ‘ಸೆ’ಯೊಂದಿಗೆ ಬೆರೆತುಹೋಯಿತು. ಹಾಗಾಗಿ ‘ಸೆ ಲೊ ಲಾವೊ’ ಎಂಬುದಕ್ಕೆ ಇಂದಿಗೂ ಎರಡು ಅರ್ಥ: ಅದನ್ನು ತೊಳೆದುಕೊಂಡ, ಅಥವಾ ಅವರಿಗಾಗಿ ಅದನ್ನು ತೊಳೆದುಕೊಟ್ಟ. ಕನ್ನಡದ ‘ಕೊಳ್ಳು’, ‘ಕೊಡು’ಗಳು ಕಾಯ್ದುಕೊಂಡ ಅಂತರ ಇಲ್ಲಿ ಅಳಿಸಿದೆ. ಈ ‘ಸೆ’ಗೆ ಏಕವಚನ ಬಹುವಚನದ ಭೇದವೂ ಇಲ್ಲ, ‘ಅವನಿಗೆ’, ‘ಅವರಿಗೆ’ ಎರಡೂ ಅದೇ. ಲ್ಯಾಟಿನ್ ಅಮೆರಿಕದ ಜನ ಆ ಕೊರತೆಯನ್ನು ತಾವೇ ತುಂಬಿಕೊಂಡಿದ್ದಾರೆ. ಹೇಳಿದ ವಿಷಯ ಒಂದೇ ಆಗಿದ್ದರೂ ಕೇಳಿದವರು ಹಲವರಾಗಿದ್ದರೆ ‘ಸೆ ಲೊ ದಿಹೆ’ ಎನ್ನುವ ಬದಲು ‘ಸೆ ಲೊಸ್ ದಿಹೆ’ ಎನ್ನುತ್ತಾರೆ. ‘ಅವರಿಗೆ’ ಎಂಬ ಬಹುವಚನವನ್ನು ‘ಸೆ’ ಹೊರಲಾರದ್ದರಿಂದ ಪಕ್ಕದ ‘ಲೊ’ ಅದನ್ನು ಹೊತ್ತಿದೆ.